ಕಂಟ್ರೋಲರ್ ಇಲ್ಲದ ಸ್ಟ್ಯಾಂಡು

ನಮ್ಮ ಮಾವನವರು ಸಂಶಯಪಡದ ವಸ್ತುಗಳು ಈ ಭೂಮಿಯ ಮೇಲೆ ಎರಡೇ. ಒಂದು, ಅವರ ಎಡಗೈಯಲ್ಲಿರುವ ಕೀಲಿ ಕೊಡುವ ಗಡಿಯಾರ. ಇನ್ನೊಂದು, ಸ್ವತಃ ಅವರು. ಸೊಸೆಯಾದ ನಾನು ಆ ಪಟ್ಟಿಯಲ್ಲಿಲ್ಲ. ಅವರ ಸ್ವಂತ ಮಗನೂ ಇಲ್ಲ. ದೇವರ ಕೇಸು ಇನ್ನೂ ವಿಚಾರಣೆಯ ಹಂತದಲ್ಲಿದೆ!

ಸೊಸೆ ಮಾವನ ಮೇಲೆ ಚಾಡಿ ಹೇಳಲು ಕೂತಳು ಎಂದು ಮೂಗು ಮುರಿಯಬೇಡಿ. ಬೆಳಿಗ್ಗೆ ಹಾಲು ತರಲು ಹೋಗಿ ಬಂದರೆ ಬಾಗಿಲಲ್ಲೇ ನಿಂತು, "ಹೋಗಿದ್ದು ಏಳು ಹತ್ತು, ಬಂದಿದ್ದು ಏಳು ನಲವತ್ತೆರಡು. ಅಂಗಡಿ ಐದು ನಿಮಿಷದ ದಾರಿ" ಎನ್ನುತ್ತಾರೆ. ಅದು ಪ್ರಶ್ನೆಯೂ ಅಲ್ಲ, ಆಕ್ಷೇಪಣೆಯೂ ಅಲ್ಲ. ಬರೀ ವರದಿ. ವರದಿಗೆ ಏನೆಂದು ಉತ್ತರ ಕೊಡುತ್ತೀರಿ?

ತಪ್ಪು ಅವರದಲ್ಲ, ಅವರು ಮಾಡಿದ ಕೆಲಸದ್ದು. ಮೂವತ್ತು ವರ್ಷ ಅವರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಕೆಂಪು ಬಸ್ಸುಗಳು ಎಷ್ಟು ಗಂಟೆಗೆ ಹೊರಟವು, ಎಷ್ಟಕ್ಕೆ ವಾಪಸು ಬಂದವು ಎಂದು ರಿಜಿಸ್ಟರಿನಲ್ಲಿ ಬರೆದು, ಡ್ರೈವರಿನ ಲಾಗ್ ಶೀಟಿಗೆ ಸಹಿ ಹಾಕಿ, ವಿಷಲ್ ಊದಿ ಕಳಿಸುವ ಹುದ್ದೆ. ತಡವಾಗಿ ಬಂದ ಡ್ರೈವರುಗಳು ದಿನಕ್ಕೊಂದು ಕಥೆ ಹೊಸೆಯುತ್ತಿದ್ದರು. ರೈಲೇ ಇಲ್ಲದ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು ಎಂದು ಒಬ್ಬ ಹೇಳಿದ್ದನಂತೆ! ಇಂಥ ಬಾಯಿಗಳ ನಡುವೆ ಮೂವತ್ತು ವರ್ಷ ಕಳೆದ ಮನುಷ್ಯ ಯಾರನ್ನು ತಾನೆ ನಂಬಿಯಾನು? ಆದರೆ ಕೆಲಸದಲ್ಲಿ ಆಸಾಮಿ ಗಟ್ಟಿ. ಮಹದೇಶ್ವರ ಬೆಟ್ಟಕ್ಕೆ ಹೋದ ಬಸ್ಸು ಘಾಟಿ ಇಳಿದು ಸ್ಟ್ಯಾಂಡಿಗೆ ಬರುವವರೆಗೆ, ಡ್ಯೂಟಿ ಮುಗಿದಿದ್ದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಸ್ಸಿಗೆ ಡ್ರೈವರ್ ಇದ್ದಾನೆ, ಕಂಡಕ್ಟರ್ ಇದ್ದಾನೆ, ಇವರೊಬ್ಬರು ಕಾಯದಿದ್ದರೆ ಬಸ್ಸು ದಾರಿ ತಪ್ಪುತ್ತದೆಯೇ ಎಂದು ನಮ್ಮ ಅತ್ತೆ ಬದುಕಿದ್ದಷ್ಟು ದಿನ ಆರಿದ ಸಾರಿನ ಮುಂದೆ ಕೂತು ಗೊಣಗಿದ್ದಾರೆ.

ಅತ್ತೆ ತೀರಿಕೊಂಡ ಮೇಲೆ ಮಾವನವರು ನಮ್ಮಲ್ಲಿಗೆ ಬಂದರು. ಟೆಕ್ಸಸ್ ನೆಲದಲ್ಲಿ ಅವರ ಸಂಶಯಕ್ಕೆ ಮೇವು ಜಾಸ್ತಿ. ನಾವೇ ಸಾಮಾನು ಆಯ್ದು, ನಾವೇ ಯಂತ್ರಕ್ಕೆ ತೋರಿಸಿ, ನಾವೇ ಚೀಲಕ್ಕೆ ತುಂಬಿಕೊಂಡು ಹೊರಡುವ ಅಂಗಡಿಯನ್ನು ಕಂಡು ಅವರು ಬೆವರಿದರು. ಕದಿಯಲು ಇಷ್ಟೊಂದು ಅನುಕೂಲ ಮಾಡಿಕೊಟ್ಟಿದ್ದಾರೆಂದರೆ ಇದರ ಹಿಂದೆ ಏನೋ ಇದೆ! ರಸೀದಿ ಹಿಡಿದು ಬಾಗಿಲಲ್ಲಿ ನಿಂತರು. ಯಾರಾದರೂ ಪರೀಕ್ಷಿಸುವವರೆಗೆ ಕದಲುವುದಿಲ್ಲವಂತೆ. ಕೊನೆಗೆ ನಾಯಿ ಹಿಡಿದು ಒಳಗೆ ಬರುತ್ತಿದ್ದ ಒಬ್ಬ ಅಪರಿಚಿತನಿಗೆ ಆ ರಸೀದಿ ತೋರಿಸಿದರು. ಪುಣ್ಯಾತ್ಮ ಹೆಬ್ಬೆಟ್ಟು ಎತ್ತಿದ. ನಮಗೆ ಬಿಡುಗಡೆಯಾಯಿತು.

ಮಗಳು ಓದುತ್ತಿರುವುದು ಹ್ಯೂಸ್ಟನ್ನಿನಲ್ಲಿ. ಒಮ್ಮೆ ಅವಳನ್ನು ನೋಡಲು ಹೋದಾಗ ಸ್ಟಾಫರ್ಡಿನ ಇಂಡಿಯನ್ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಹುರಿಗಡಲೆ ಕೊಂಡು, ಅವಳನ್ನೂ ಹತ್ತಿಸಿಕೊಂಡು ಪೇರ್ಲ್ಯಾಂಡಿನ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಮಾವನವರು ತಮ್ಮ ಊರಿನ ಉಪಾಯ ಹೂಡಿದರು. ಬಲಗಾಲಿನ ಚಪ್ಪಲಿಯನ್ನು ಈ ಮೂಲೆಯ ಗೂಡಿನಲ್ಲಿಟ್ಟು, ಎಡಗಾಲಿನದನ್ನು ಆ ಮೂಲೆಯ ಗೂಡಿನಲ್ಲಿ ಇಟ್ಟರು. ಒಂಟಿ ಚಪ್ಪಲಿಯನ್ನು ಯಾವ ಕಳ್ಳ ಮುಟ್ಟುತ್ತಾನೆ? "ತಾತಾ, ನೋಬಡಿ ವಾಂಟ್ಸ್ ಯುವರ್ ಚಪ್ಪಲ್" ಎಂದಳು ಮೊಮ್ಮಗಳು. ತಾತ ಒಪ್ಪಲಿಲ್ಲ. ದರ್ಶನ ಮುಗಿಸಿ ಬಂದರೆ ಎಡಗಾಲಿನದು ಇಲ್ಲ! ಒಂಟಿ ಚಪ್ಪಲಿ ಬಿದ್ದಿದೆ, ಯಾರೋ ಬಿಟ್ಟುಹೋಗಿರಬೇಕು ಎಂದು ಒಬ್ಬರು ಸ್ವಯಂಸೇವಕರು ಅದನ್ನು ಎತ್ತಿ ಆಫೀಸಿಗೆ ಒಪ್ಪಿಸಿದ್ದರು. ವಾಪಸು ಪಡೆಯಲು ಮಾವನವರು ಬಲಗಾಲಿನದನ್ನು ಸಾಕ್ಷಿಯಾಗಿ ಹಾಜರುಪಡಿಸಬೇಕಾಯಿತು. ಅಷ್ಟಾದ ಮೇಲೂ ಅವರು ಹೇಳಿದ್ದು, ಆ ಸ್ವಯಂಸೇವಕರನ್ನು ಯಾರಾದರೂ ಸ್ವಲ್ಪ ಗಮನಿಸಬೇಕು ಎಂದು.

ಇಂಥವರ ಕಣ್ಣಿಗೆ ಒಂದು ವಿಮಾನ ನಿಲ್ದಾಣ ಬಿದ್ದರೆ ಏನಾಗಬೇಕು?

ನಮ್ಮ ಮನೆ ಇರುವುದು ಆಸ್ಟಿನ್ನಿನಿಂದ ಟೇಲರ್ ಕಡೆಗೆ ಹೋಗುವ ದಾರಿಯಲ್ಲಿ. ನಾವು ಬಂದಾಗ ಸುತ್ತ ಜೋಳದ ಹೊಲಗಳಿದ್ದವು. ಟೇಲರಿನಲ್ಲಿ ಚಿಪ್ ಫ್ಯಾಕ್ಟರಿ ಎದ್ದದ್ದೇ ತಡ, ಹೊಲಗಳೆಲ್ಲ ಲೇಔಟ್ ಆದವು. ಬೇಸಿಗೆಯಲ್ಲಿ ನಮ್ಮ ಲೇಔಟು ಥೇಟ್ ಮರುಭೂಮಿ. ಹುಲ್ಲು ಸುಟ್ಟು ಕೆಂಪಗಾಗಿ, ನೆಲ ಬಿರಿದು, ಒಂದೇ ಅಚ್ಚಿನ ಮನೆಗಳು ಬಿಸಿಲಿಗೆ ಸಂಡಿಗೆ ಇಟ್ಟ ಹಾಗೆ ಸಾಲಾಗಿ ಕೂತಿರುತ್ತವೆ. ಲೇಔಟಿನ ಹಿಂದೆಯೇ ಆ ಪುಟ್ಟ ನಿಲ್ದಾಣ. ನೀವು ನೆನೆಸಿಕೊಳ್ಳುವಂಥದ್ದಲ್ಲ. ಒಂದು ರನ್‌ವೇ, ಒಂದು ಸಾಲು ತಗಡಿನ ಶೆಡ್ಡು, ಒಂದು ಪೈಲಟ್ ಶಾಲೆ. ಇಬ್ಬರು ನಾಲ್ವರು ಕೂರುವ ಪುಟಾಣಿ ವಿಮಾನಗಳು ಬೆಳಿಗ್ಗೆಯಿಂದ ಗುಂಯ್‌ಗುಡುತ್ತವೆ. ಬೇಲಿಯ ಈಚೆ ಒಂದು ದೊಡ್ಡ ಮರ, ಅದರ ಕೆಳಗೆ ನೋಡಲು ಬರುವವರಿಗೆಂದು ಹಾಕಿದ ಬೆಂಚು.

ಬಂದ ಮೂರನೆಯ ದಿನ ಮಾವನವರು ವಾಕಿಂಗ್ ಹೋದವರು ಕೆಂಪಗಾಗಿ ವಾಪಸು ಬಂದರು. ಒಂದು ಗಾಡಿ ಮೇಲಿನಿಂದ ಬಂತಂತೆ, ಚಕ್ರ ನೆಲಕ್ಕೆ ಮುಟ್ಟಿಸಿತಂತೆ, ನಿಲ್ಲದೆ ಹಾಗೇ ಎದ್ದು ಹೋಯಿತಂತೆ. ಮತ್ತೆ ಬಂತಂತೆ, ಮತ್ತೆ ಹಾಗೇ! "ಸ್ಟ್ಯಾಂಡಿಗೆ ಬಂದು ನಿಲ್ಸ್ದೇ ಹೋಗ್ತಾನೆ ಅಂದ್ರೆ ಎಷ್ಟು ಕೊಬ್ಬಿರಬೇಕು? ನಮ್ಮಲ್ಲಾಗಿದ್ರೆ ಅವತ್ತೇ ಮೆಮೊ ಕೊಡ್ತಿದ್ದೆ" ಎಂದರು. ಅದು ಕಲಿಯುವವರು ಇಳಿಸುವುದನ್ನು ಅಭ್ಯಾಸ ಮಾಡುವ ರೀತಿ, ಅದಕ್ಕಾಗಿಯೇ ಮುಟ್ಟಿ ಎದ್ದುಹೋಗುತ್ತಾರೆ ಎಂದು ನಮ್ಮ ಮನೆಯವರು ವಿವರಿಸಿದರು. ಮಾವನವರು ಮಗನನ್ನು ರೈಲ್ವೆ ಗೇಟಿನ ಕಥೆ ಹೇಳಿದ ಡ್ರೈವರನ್ನು ನೋಡುವ ಹಾಗೆ ನೋಡಿದರು. ಪ್ಯಾಸೆಂಜರ್ ಹತ್ತಿಸುವುದಿಲ್ಲ, ಇಳಿಸುವುದಿಲ್ಲ, ಹೋದಲ್ಲಿಗೇ ವಾಪಸು ಬರುತ್ತದೆ. ಇದು ಯಾವ ರೂಟು?

ಅದಕ್ಕಿಂತ ದೊಡ್ಡ ಆಘಾತ ಮುಂದಿತ್ತು. ಇಂಥ ಚಿಕ್ಕ ನಿಲ್ದಾಣಗಳಲ್ಲಿ ಕಂಟ್ರೋಲ್ ಟವರ್ ಇರುವುದಿಲ್ಲ, ಪೈಲಟ್‌ಗಳೇ ರೇಡಿಯೋದಲ್ಲಿ ತಾವು ಎಲ್ಲಿದ್ದೇವೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೊಂದಿಸಿಕೊಳ್ಳುತ್ತಾರೆ ಎಂದು ನಮ್ಮ ಮನೆಯವರು ಬಾಯಿ ತಪ್ಪಿ ಹೇಳಿಬಿಟ್ಟರು.

"ಕಂಟ್ರೋಲರೇ ಇಲ್ವಾ?" ಮಾವನವರ ಧ್ವನಿ ಇಳಿಯಿತು. "ಡ್ರೈವರ್ ಹೇಳಿದ್ದನ್ನ ಇನ್ನೊಬ್ಬ ಡ್ರೈವರ್ ನಂಬ್ತಾನಾ? ಇಂಥ ಗಾಡೀಲಿ ಕೂರೋರಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಆ ಕೊನೆಯ ಮಾತು ಕೇಳಿ ನನ್ನ ಕೈಯಲ್ಲಿದ್ದ ಸೌಟು ಜಾರಿತು. ಯಾಕೆಂದರೆ, ಓದುಗ ಮಹಾಶಯರೇ, ಅಂಥ ಗಾಡಿಯಲ್ಲಿ ಎರಡು ತಿಂಗಳಿಂದ ಪ್ರತಿ ಶನಿವಾರ ಬೆಳಿಗ್ಗೆ ಕೂರುತ್ತಿದ್ದವಳು ನಾನೇ!

ಮನೆಯಲ್ಲಿ ಹೇಳಿದ್ದು ಯೋಗ ಕ್ಲಾಸು ಎಂದು. ನಮ್ಮ ಮನೆಯವರು ಒಳ್ಳೆಯವರು. ಆದರೆ ಒಲೆ ಆರಿಸಿದ್ದೇವೆಯೇ ಎಂದು ನೋಡಲು ಹೆದ್ದಾರಿಯಿಂದ ಕಾರು ತಿರುಗಿಸುವ ಜಾತಿ. ವಿಮಾನ ಓಡಿಸುವುದು ಕಲಿಯಲೇ ಎಂದು ಕೇಳಿದಾಗ ಮೊದಲು ಮಗಳು ಕಾಲೇಜು ಸೇರಲಿ ಎಂದರು. ಸೇರಿದಳು. ಆಮೇಲೆ ಅಪ್ಪ ಬರುತ್ತಾರೆ, ಅವರೆದುರು ಇದೆಲ್ಲ ಬೇಡ ಎಂದರು. ನನಗೆ ನಲವತ್ತನಾಲ್ಕು. ಇಪ್ಪತ್ತು ವರ್ಷ ಈ ದೇಶದಲ್ಲಿ ನಾನು ಕಾರು ಓಡಿಸಿದ್ದೆಲ್ಲ ಇನ್ನೊಬ್ಬರನ್ನು ಎಲ್ಲಿಗಾದರೂ ಮುಟ್ಟಿಸಲು. ಮಗಳನ್ನು ಡ್ಯಾನ್ಸಿಗೆ, ಗಂಡನನ್ನು ಏರ್‌ಪೋರ್ಟಿಗೆ, ಬಂದ ನೆಂಟರನ್ನು ಡಾಲಸ್ ತೋರಿಸಲು. ಒಂದು ಸಲವಾದರೂ ಯಾರನ್ನೂ ಎಲ್ಲಿಗೂ ಮುಟ್ಟಿಸದೆ, ಒಂದು ಗಾಡಿಯನ್ನು ನನಗಾಗಿ ನಡೆಸಬೇಕು ಎಂಬ ಆಸೆ ಬಿಡದೆ ಕಾಡುತ್ತಿತ್ತು. ನಗುವವರು ನಗಲಿ. ಒಬ್ಬಳೇ ಹಾರಿ ಇಳಿಯುವ ಒಂದು ದಿನ ಬಂದರೆ ಸಾಕು, ಆಮೇಲೆ ಎಲ್ಲರಿಗೂ ಹೇಳುವುದು ಎಂದುಕೊಂಡಿದ್ದೆ. ಅದಕ್ಕೆ ಮೊದಲು ಮಾವನವರಿಗೆ ಸುಳಿವು ಸಿಕ್ಕರೆ ಅದೇ ಗಳಿಗೆ ಮಗನಿಗೆ ವರದಿ ಹೋಗುತ್ತದೆ. ಅಲ್ಲಿಗೆ ನನ್ನ ಆಸೆಗೆ ಎಳ್ಳುನೀರು.

ಮಾವನವರೋ, ಮಾರನೆಯ ದಿನವೇ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಎಳೆದರು. ಗಾಡಿ ನಂಬರು, ಹೊರಟ ವೇಳೆ, ಬಂದ ವೇಳೆ, ಷರಾ. ತಲೆಗೆ ಟೋಪಿ, ಕೈಯಲ್ಲಿ ಛತ್ರಿ, ಕೊರಳಲ್ಲಿ ದುರ್ಬೀನು, ಜೇಬಿನಲ್ಲಿ ಊರಿನಿಂದ ತಂದ ಹಿತ್ತಾಳೆಯ ವಿಷಲ್. ಬೇಲಿಯ ಪಕ್ಕದ ಬೆಂಚು ಅವರ ಆಫೀಸಾಯಿತು. ಯಾರೂ ಇಲ್ಲದ ಸ್ಟ್ಯಾಂಡಿಗೆ ಅವರು ತಮ್ಮನ್ನು ತಾವೇ ನೇಮಿಸಿಕೊಂಡರು!

ಮೊದಲ ವಾರ ಮುಟ್ಟಿ ಎದ್ದುಹೋಗುತ್ತಿದ್ದ ಒಂದು ವಿಮಾನಕ್ಕೆ ವಿಷಲ್ ಊದಿದರು. ವಿಮಾನ ನಿಲ್ಲಲಿಲ್ಲ. ಲೇಔಟಿನ ನಾಯಿಗಳೆಲ್ಲ ನಿಂತವು. ಎರಡನೆಯ ವಾರ ನಿಲ್ದಾಣದ ಮ್ಯಾನೇಜರ್ ಪಿಕಪ್ ಟ್ರಕ್ಕಿನಲ್ಲಿ ಬಂದು, ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ವಿನಯದಿಂದಲೇ ಕೇಳಿದನಂತೆ. ಅವನ ತಪ್ಪೇನಿದೆ? ದುರ್ಬೀನು ಹಿಡಿದು ವಿಮಾನಗಳ ನಂಬರು ಬರೆದುಕೊಳ್ಳುವ ಮುದುಕರನ್ನು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಅನುಮಾನದಲ್ಲಿ ನಮ್ಮವರನ್ನು ಮೀರಿಸಲು ಆಗುತ್ತದೆಯೇ? "ಯು ಷೋ ಐಡಿ ಫಸ್ಟ್" ಎಂದರಂತೆ. ಮ್ಯಾನೇಜರ್ ನೋಟ್‌ಬುಕ್ ನೋಡಿದ. ಎಲ್ಲ ಕನ್ನಡ ಅಂಕಿಗಳಲ್ಲಿ! ೭, ೯, ೪ ಎಂದು ಸಾಲು ಸಾಲಾಗಿ ಬರೆದ ಆ ಗುಪ್ತಲಿಪಿಯನ್ನು ಕಂಡು ಅವನು ಮಾವನವರ ಜೇಬಿನ ಚೀಟಿಯಲ್ಲಿದ್ದ ನನ್ನ ಆಫೀಸಿನ ನಂಬರಿಗೆ ಫೋನ್ ಮಾಡಿದ.

ನಾನು ಓಡಿದೆ. ಮಾವನವರನ್ನು ಕೂರಿಸಿದ್ದು ಪೈಲಟ್ ಶಾಲೆಯ ಕೋಣೆಯಲ್ಲಿ! ಒಳಗೆ ಕಾಲಿಟ್ಟರೆ ನನಗೆ ಕಲಿಸುವ ಮೇಡಂ ಎದುರಿಗೇ ನಿಂತಿದ್ದಾರೆ. ಎಪ್ಪತ್ತು ದಾಟಿದವರು, ಜೀನ್ಸು, ಬೂಟು, ಹುಲ್ಲಿನ ಟೋಪಿ, ಬಾಯಲ್ಲಿ ಸದಾ ಚ್ಯೂಯಿಂಗ್ ಗಮ್. ನಾನು ವಿಮಾನವನ್ನು ಎಗರಿಸಿ ಇಳಿಸಿದರೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು, ಅದೇ ಅವರ ಬೈಗುಳ. ನಾನು ಮಾವನವರ ಬೆನ್ನ ಹಿಂದಿನಿಂದ ಕಣ್ಣಲ್ಲೇ ಕೈಮುಗಿದೆ. ಆಕೆ ಅರ್ಥ ಮಾಡಿಕೊಂಡು, ತಾವು ಯಾರು, ತಮ್ಮನ್ನು ಹಿಂದೆಂದೂ ಕಂಡಿಲ್ಲವಲ್ಲ ಎಂದು ನಾಟಕದ ಕಂಪನಿಯವರ ಹಾಗೆ ಗಟ್ಟಿಯಾಗಿ ಕೇಳಿದರು. ಅಷ್ಟು ಕೆಟ್ಟ ಅಭಿನಯವನ್ನು ನಾನು ಜೀವನದಲ್ಲಿ ನೋಡಿಲ್ಲ. ಮಾವನವರು ನನ್ನನ್ನೊಮ್ಮೆ ಆಕೆಯನ್ನೊಮ್ಮೆ ನೋಡಿ, ಗಡಿಯಾರ ನೋಡಿಕೊಂಡರು.

ಕೊಳ್ಳೇಗಾಲದ ಕೆಲಸವನ್ನು ನಾನು ವಿವರಿಸಿದ ಮೇಲೆ ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಬಿಸಿಲಲ್ಲಿ ಕಾಣಿಸಲಿ ಎಂದು ಒಂದು ಹೊಳೆಯುವ ಹಳದಿ ಜಾಕೆಟ್ಟು ತಂದು ಕೊಟ್ಟು, ವಿಷಲ್ ಮಾತ್ರ ದಯವಿಟ್ಟು ಊದಬೇಡಿ ಎಂದು ಕೇಳಿಕೊಂಡ. ತೋಳಿಲ್ಲದ ಆ ಜಾಕೆಟ್ಟನ್ನು ಮಾವನವರು ನೇಮಕಾತಿ ಆದೇಶದಂತೆ ಎರಡೂ ಕೈಯಲ್ಲಿ ಸ್ವೀಕರಿಸಿದರು. ಅಂದಿನಿಂದ ಅದನ್ನು ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಾರೆ.

ಇಲ್ಲಿಂದ ನನ್ನ ಕಷ್ಟಕಾಲ ಶುರು. ಶನಿವಾರ ಬಂದರೆ ಸಾಕು, ಮಾವನವರ ಮೂಗು ಚುರುಕಾಗುತ್ತಿತ್ತು. ಯೋಗಕ್ಕೆ ಬೂಟು ಯಾಕೆ ಎನ್ನುತ್ತಿದ್ದರು. ಇನ್ನೊಂದು ದಿನ, ಯೋಗ ಮಾಡಿದವರ ಮೈಯಲ್ಲಿ ಪೆಟ್ರೋಲ್ ವಾಸನೆ ಬರುತ್ತದೆಯೇ ಎಂದರು. ಕಾರಿಗೆ ಹಾಕಿಸಿಕೊಂಡು ಬಂದೆ ಎಂದೆ. ಅವರು ಎದ್ದು ಹೋಗಿ ಕಾರಿನ ಪೆಟ್ರೋಲ್ ಮುಳ್ಳು ನೋಡಿ ಬಂದು ಕೂತರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮಾವನವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಅವರ ಮುಖ ಓದುತ್ತ ಓದುತ್ತ ನಾನೇ ಸಂಶಯದ ಪ್ರಾಣಿಯಾಗಿಬಿಟ್ಟೆ.

ಊಟದ ಹೊತ್ತಿಗೆ ಅವರದು ದಿನದ ವರದಿ. ಒಂದು ಶನಿವಾರ ಹುಳಿ ಕಲೆಸುತ್ತ ಹೇಳಿದರು: "ಆ ನೀಲಿ ಪಟ್ಟಿ ಗಾಡಿಗೆ ಯಾರೋ ಹೊಸ ಡ್ರೈವರ್ ಬಂದಿರೋದು. ಇಳಿಸೋವಾಗ ಮೂರು ಸಲ ಎಗರಿಸೋದು. ಮೇಕೆಮರಿ ಹಂಗೆ."

ನೀಲಿ ಪಟ್ಟಿಯ ಗಾಡಿ ನನ್ನದು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗೇ ಇಲ್ಲದ ಹೆಗಲಿನ ಮೇಲೆ ಸೆರಗು ಸರಿ ಮಾಡಿಕೊಂಡೆ. ನಮ್ಮ ಮನೆಯವರು ಮೇಕೆಮರಿಗೆ ಹೊಟ್ಟೆ ತುಂಬ ನಕ್ಕರು. ನಾನೂ ನಗಬೇಕಾಯಿತು. ಎರಡು ಸಲ ಎಗರಿದ್ದು, ಮೂರಲ್ಲ! ಆ ಅವಮಾನ ಎಷ್ಟು ಚುಚ್ಚಿತೆಂದರೆ ಮುಂದಿನ ಶನಿವಾರ ಮೇಡಂ ಹತ್ತಿರ ಇಳಿಸುವುದೊಂದನ್ನೇ ಹತ್ತು ಸಲ ಮಾಡಿಸಿಕೊಂಡೆ. ಅವತ್ತಿನ ವರದಿಯಲ್ಲಿ ಎಗರುವುದು ಒಂದಕ್ಕೆ ಇಳಿದಿತ್ತು. ಮತ್ತೂ ಮೂರು ವಾರಕ್ಕೆ, "ಆ ನೀಲಿ ಪಟ್ಟಿಯೋರು ಪರವಾಗಿಲ್ಲ ಕಣಮ್ಮ, ಇವತ್ತು ಒಂದೇ ಸಲಕ್ಕೆ ಕೂರಿಸಿದ್ರು" ಎಂದರು. ನಾನು ಎರಡು ಚಮಚ ತುಪ್ಪ ಬಡಿಸಿದೆ. ಡಾಕ್ಟರು ತುಪ್ಪ ಕಡಿಮೆ ಮಾಡಲು ಹೇಳಿದ್ದಾರಲ್ಲ, ಇವತ್ತೇನು ವಿಶೇಷ ಎಂದು ಕೇಳಿದರು.

ಆಗಸ್ಟಿನ ಒಂದು ಶನಿವಾರ, ಬಿಸಿಲು ಏರುವ ಮೊದಲು, ಮೇಡಂ ನನ್ನ ಜೊತೆ ಮೂರು ಸುತ್ತು ಹಾಕಿ, ವಿಮಾನವನ್ನು ಶೆಡ್ಡಿನ ಮುಂದೆ ನಿಲ್ಲಿಸಲು ಹೇಳಿದರು. ಬಾಗಿಲು ತೆಗೆದು ಕೆಳಗಿಳಿದರು. ಇನ್ನು ಮೂರು ಸುತ್ತು ನೀನೊಬ್ಬಳೇ ಎಂದು ಬಾಗಿಲು ಹಾಕಿ, ತಿರುಗಿ ನೋಡದೆ ಹೋದರು.

ಪಕ್ಕದ ಸೀಟು ಖಾಲಿ. ಆ ಖಾಲಿ ಸೀಟಿನ ಬೆಲ್ಟನ್ನು ನಾನು ಎರಡು ಸಲ ಕಟ್ಟಿ ನೋಡಿದೆ, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ರೇಡಿಯೋದಲ್ಲಿ ನಾನು ಹೊರಟಿದ್ದೇನೆ ಎಂದು ಹೇಳಿದೆ. ಕೇಳಿಸಿಕೊಳ್ಳಲು ಆ ಹೊತ್ತಿನಲ್ಲಿ ಇನ್ನಾವ ವಿಮಾನವೂ ಇರಲಿಲ್ಲ. ಒಬ್ಬರ ಭಾರ ಕಡಿಮೆಯಾದದ್ದರಿಂದ ಅದು ಬೇಗ ಎದ್ದಿತು. ಕೆಳಗೆ ಒಂದೇ ಅಚ್ಚಿನ ಸೂರುಗಳು, ಅದರಲ್ಲಿ ಯಾವುದೋ ಒಂದು ನಮ್ಮದು. ನಾನು ಗಟ್ಟಿಯಾಗಿ ನಕ್ಕೆ. ಆಮೇಲೆ ಬೇಲಿಯ ಕಡೆ ನೋಡಿದೆ. ಮರದ ಪಕ್ಕ ಹಳದಿ ಜಾಕೆಟ್ಟು. ಸದಾ ಕೂತೇ ಇರುವ ಮನುಷ್ಯ ಇವತ್ತು ಬಿಸಿಲಿಗೆ ಬಂದು ಬೇಲಿಗೆ ಒರಗಿ ನಿಂತಿದ್ದರು. ನನ್ನ ನಗು ಅಲ್ಲಿಗೇ ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡೆ. ಮೊದಲ ಸುತ್ತು ಇಳಿದೆ, ನಿಂತಿದ್ದರು. ಎರಡನೆಯದು, ನಿಂತಿದ್ದರು. ಮೂರನೆಯದನ್ನು ನಾನು ಜೀವಮಾನದಲ್ಲೇ ಎಲ್ಲಕ್ಕಿಂತ ಮೆತ್ತಗೆ ಇಳಿಸಿದೆ. ಆಗಲೂ ನಿಂತೇ ಇದ್ದರು.

ಗಾಡಿ ನಿಲ್ಲಿಸಿ ಕೆಳಗಿಳಿದೆ. ಮೇಡಂ ಬಂದು ಅಪ್ಪಿಕೊಂಡರು. ಆಮೇಲೆ ಜೇಬಿನಿಂದ ದೊಡ್ಡ ಕತ್ತರಿ ತೆಗೆದು, ನನ್ನನ್ನು ಆಚೆ ತಿರುಗಿಸಿ, ಟೀ ಷರ್ಟನ್ನು ಹಿಂದಿನಿಂದ ಕರ್‌ರೆಂದು ಕತ್ತರಿಸತೊಡಗಿದರು.

ಆಗ ಕೇಳಿಸಿತು ವಿಷಲ್! ಇಡೀ ಟೆಕ್ಸಸ್ ನಿಲ್ಲಬೇಕು, ಹಾಗೆ. ಐದು ತಿಂಗಳು ಕೊಟ್ಟ ಮಾತಿಗೆ ಕಟ್ಟುಬಿದ್ದು ಊದದೆ ಇದ್ದ ಮಾವನವರು ಅದನ್ನು ಬಾಯಲ್ಲಿಟ್ಟುಕೊಂಡೇ, ಛತ್ರಿ ಎತ್ತಿ ಹಿಡಿದು, ಗೇಟಿನ ಕಡೆ ಓಡಿ ಬರುತ್ತಿದ್ದರು. ಮೇಡಂ ಚ್ಯೂಯಿಂಗ್ ಗಮ್ ನುಂಗಿಬಿಟ್ಟರು.

ನಾನು ಗೇಟಿಗೆ ಓಡಿ ಹೋಗಿ, ಒಂದೇ ಉಸಿರಿಗೆ ಎಲ್ಲ ಒದರಿದೆ. ಇದು ಇಲ್ಲಿನ ಪದ್ಧತಿ, ಹಿಂದಿನ ಕಾಲದಲ್ಲಿ ಕಲಿಸುವವರು ಹಿಂದಿನ ಸೀಟಿನಲ್ಲಿ ಕೂತು ತಪ್ಪಾದಾಗ ಅಂಗಿ ಹಿಡಿದು ಎಳೆಯುತ್ತಿದ್ದರಂತೆ, ಒಬ್ಬರೇ ಹಾರಿ ಬಂದವರಿಗೆ ಇನ್ನು ಹಿಂದಿನಿಂದ ಎಳೆಯುವವರು ಬೇಡ ಎಂದು ಬೆನ್ನಿನ ಬಟ್ಟೆ ಕತ್ತರಿಸುತ್ತಾರೆ, ಅದಕ್ಕೇ ಹಳೆಯ ಷರ್ಟು ಹಾಕಿಕೊಂಡಿದ್ದೆ, ಎಂದೆ. ಹೇಳಿ ಮುಗಿದ ಮೇಲೆ ಗೊತ್ತಾಯಿತು, ಯೋಗ ಕ್ಲಾಸಿನ ಕಥೆ ಅಲ್ಲಿಗೆ ಮುಗಿದಿತ್ತು.

ಮಾವನವರು ವಿಷಲ್ ಜೇಬಿಗೆ ಹಾಕಿ ಗಡಿಯಾರ ನೋಡಿದರು. ಕೈ ಚಾಚಿದರು.

"ಲಾಗ್ ಶೀಟ್ ಎಲ್ಲಿ?"

ಪೈಲಟ್‌ಗಳಿಗೂ ಒಂದು ಲಾಗ್ ಪುಸ್ತಕ ಇರುತ್ತದೆ. ನನ್ನ ಹಿಂದೆಯೇ ಬಂದ ಮೇಡಂ ಅದರಲ್ಲಿ ಇವತ್ತಿನ ಸಾಲು ಬರೆದು ಸಹಿ ಹಾಕಿ ಕೊಟ್ಟರು. ಮಾವನವರು ಕನ್ನಡಕ ಹಾಕಿಕೊಂಡು ಎಲ್ಲ ಪುಟಗಳನ್ನೂ ತಿರುವಿ, ಇವತ್ತಿನ ಸಾಲಿನ ಪಕ್ಕ ತಮ್ಮ ಸಹಿ ಹಾಕಿ, ಕನ್ನಡ ಅಂಕಿಯಲ್ಲಿ ವೇಳೆ ಬರೆದರು. "ಮೂರನೇ ಟ್ರಿಪ್ಪು ಎರಡು ನಿಮಿಷ ಲೇಟು" ಎಂದರು. ಆಮೇಲೆ ತಮ್ಮ ಹಳದಿ ಜಾಕೆಟ್ಟು ಬಿಚ್ಚಿ ನನ್ನ ಹರಿದ ಬೆನ್ನಿನ ಮೇಲೆ ಹೊದಿಸಿದರು.

"ನಿಮಗೆ ಯಾವಾಗ ಗೊತ್ತಾಯ್ತು ಮಾವ?"

"ಯೋಗಕ್ಕೆ ಹೋಗೋಳು ಕಾರನ್ನ ಶೆಡ್ ಹಿಂದೆ ಬಚ್ಚಿಟ್ಟು ಹೋಗ್ತಾಳಾ? ಅದರ ನಂಬರ್ ಪ್ಲೇಟು ನನಗೆ ಬಾಯಿಪಾಠ. ಮೊದಲ್ನೇ ಶನಿವಾರಾನೇ ಗೊತ್ತಾಯ್ತು."

ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು. ಹಾಗಿದ್ದರೆ ನಿಮ್ಮ ಮಗನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಗಾಡಿ ತಡಿಯೋದು ಕಂಟ್ರೋಲರ್ ಕೆಲಸ ಅಲ್ಲಮ್ಮ. ಕಳಿಸೋದು, ವಾಪಸ್ ಬಂತಾ ಅಂತ ನೋಡೋದು, ಅಷ್ಟೇ. ಅವನಿಗೆ ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ." ಛತ್ರಿ ಮಡಿಸುತ್ತ ಹೇಳಿದರು: "ಆದ್ರೆ ಇವತ್ತು ಆಯಮ್ಮ ಮಧ್ಯದಲ್ಲಿ ಇಳ್ಕೊಂಡುಬಿಟ್ರಲ್ಲ. ನೀನೊಬ್ಬಳೇ ಹೊರಟೆಯಲ್ಲ..."

ಅವರು ಮರದ ಕೆಳಗೆ ನಡೆದುಹೋಗಿ ಬೆಂಚಿನ ಮೇಲೆ ಕೂತರು. ನಾನು ನೀರು ಕೊಟ್ಟು ಪಕ್ಕದಲ್ಲಿ ಕೂತು, ಮೊದಲ ಸಲ ಆ ರಿಜಿಸ್ಟರನ್ನು ತೆರೆದೆ.

ಬೇರೆ ಗಾಡಿಗಳ ಸಾಲುಗಳಲ್ಲಿ ಷರಾ ಕಾಲಂ ಎಲ್ಲ ಖಾಲಿ. ಅವರು ಇಲ್ಲಿ ಕೂರಲು ಶುರು ಮಾಡಿದ ಮೇಲಿನ ಮೊದಲ ಶನಿವಾರದ ಪುಟದಲ್ಲಿ, ನೀಲಿ ಪಟ್ಟಿಯ ಗಾಡಿಯ ಎದುರು ಮಾತ್ರ ದುಂಡಗೆ ಬರೆದಿದ್ದರು: "ನಮ್ಮ ಮನೆ ಗಾಡಿ. ಬರುವವರೆಗೆ ಏಳಕೂಡದು." ಅಲ್ಲಿಂದ ಮುಂದೆ ಪ್ರತಿ ಶನಿವಾರ ಒಂದೇ ಪದ, "ಬಂತು". ಮೂವತ್ತೆಂಟು ಡಿಗ್ರಿ ಬಿಸಿಲಿನಲ್ಲೂ "ಬಂತು". ಜ್ವರ ಬಂದು ಮಲಗಿ ಎಂದು ನಾವು ಗದರಿದ ಶನಿವಾರವೂ "ಬಂತು". ಇವತ್ತಿನ ಸಾಲಿನಲ್ಲಿ ಮೂರು ಸಲ ಇತ್ತು. ಮೂರನೆಯದನ್ನು ಬರೆಯುವಾಗ ಪೆನ್ನು ಕಾಗದ ಹರಿದು ಕೆಳಗಿನ ಪುಟಕ್ಕೆ ಇಳಿದಿತ್ತು.

ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಅವರು ರನ್‌ವೇ ಕಡೆಗೇ ನೋಡುತ್ತಿದ್ದರು.

"ಏಳಿ ಮಾವ, ಮನೆಗೆ ಹೋಗೋಣ" ಎಂದೆ. "ನಮ್ಮ ಗಾಡಿ ಬಂದಿದೆ."

ಅವರು ಗಡಿಯಾರ ನೋಡಲಿಲ್ಲ. ರಿಜಿಸ್ಟರನ್ನೂ ಕೇಳಲಿಲ್ಲ. ನನ್ನ ಮಾತನ್ನು ನಂಬಿ ಎದ್ದರು.